ಸೈನಿಕನ ಪತ್ರವನ್ನು ಲಕೋಟೆಸಹಿತ ಪ್ರಕಟಿಸಿ

ಮಾನ್ಯರೇ,

ಅಮೆರಿಕದ ಅಂತರ್ಯುದ್ಧದ ಸೈನಿಕರು ಮನೆಗೆ ಬರೆದ ಪತ್ರಗಳ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಇಂಥ ವಿಷಯಕ್ಕೆ ಕನ್ನಡದಲ್ಲಿ ಪೂರ್ತಿ ಪುಟ ಸಿಕ್ಕಿದ್ದು ಸಂತೋಷ. ಆದರೆ ಆಯ್ದ ಸಾಲುಗಳೆಲ್ಲ ವಿದಾಯದವು, ಪ್ರೀತಿಯವು. ಸಂಬಳ ಬಂದಿಲ್ಲ, ಅಂಚೆಚೀಟಿ ಕಳಿಸು, ಕಾಲುಚೀಲ ಹರಿದಿದೆ, ಭೇದಿ ನಿಂತಿಲ್ಲ ಎಂಬಂಥ ಸಾಲುಗಳು ಬರುವ ಕಡೆ ಚುಕ್ಕಿ ಹಾಕಿ ಮುಂದೆ ಹೋಗಲಾಗಿದೆ. ಆ ಪತ್ರಗಳ ಜೀವ ಇರುವುದೇ ಅಲ್ಲಿ.

ಹಣದ ಮಾತನ್ನೇ ನೋಡಿ. ಉತ್ತರದ, ಅಂದರೆ ಒಕ್ಕೂಟ ಸರ್ಕಾರದ ಕಡೆಯ, ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. 1864ರಲ್ಲಿ ಅದು 16 ಆಯಿತು. ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಸಿಪಾಯಿಗೆ ಮೊದಲು 11 ಡಾಲರ್, ಅದೂ ದಿನೇ ದಿನೇ ಬೆಲೆ ಕಳೆದುಕೊಳ್ಳುತ್ತಿದ್ದ ಕಾಗದದ ನೋಟಿನಲ್ಲಿ. ಉತ್ತರದ ಸೇನೆಯ ಕಪ್ಪು ಸೈನಿಕರಿಗೆ ಗೊತ್ತುಮಾಡಿದ್ದು 10 ಡಾಲರ್, ಬಟ್ಟೆಯ ಲೆಕ್ಕಕ್ಕೆ 3 ಮುರಿದುಕೊಂಡು ಕೈಗೆ ಬರುತ್ತಿದ್ದುದು 7. ಈ ಅನ್ಯಾಯ ಸರಿಯಾಗಲು 1864ರ ಜೂನ್ ಬರಬೇಕಾಯಿತು. ಎರಡು ತಿಂಗಳಿಗೊಮ್ಮೆ ಬಟವಾಡೆ ಎಂಬುದು ನಿಯಮ. ನಾಲ್ಕು, ಆರು ತಿಂಗಳು ತಡವಾದದ್ದುಂಟು. ಅಂಚೆ ಮನಿಆರ್ಡರ್ ಶುರುವಾದದ್ದು 1864ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ನೋಟನ್ನು ಲಕೋಟೆಯಲ್ಲೇ ಇಟ್ಟು ಕಳಿಸಬೇಕು, ಇಲ್ಲವೇ ಖಾಸಗಿ ಸಾಗಣೆ ಕಂಪನಿಗೋ ಊರಿಗೆ ಹೊರಟವನಿಗೋ ಒಪ್ಪಿಸಬೇಕು. "ಕಳಿಸಿದ ಹಣ ಮುಟ್ಟಿತೇ?" ಎಂದು ಪತ್ರದಿಂದ ಪತ್ರಕ್ಕೆ ಕೇಳುವುದು ಇದಕ್ಕೇ.

ಆ ಒಣ ಸಾಲಿನಿಂದಲೇ ಎಷ್ಟೋ ಪತ್ರಗಳು ಉಳಿದಿವೆ. 1862ರ ಜುಲೈ 14ರ ಪಿಂಚಣಿ ಕಾಯ್ದೆಯ ಪ್ರಕಾರ ಸತ್ತ ಸಿಪಾಯಿಯ ವಿಧವೆಗೆ ಅಥವಾ ಅವನನ್ನೇ ನಂಬಿದ್ದ ತಾಯಿಗೆ ತಿಂಗಳಿಗೆ 8 ಡಾಲರ್. ಮಗನೇ ತನ್ನನ್ನು ಸಾಕುತ್ತಿದ್ದ ಎಂದು ತಾಯಿ ಸಾಬೀತು ಮಾಡಬೇಕು. ಅದಕ್ಕೆ ಒಳ್ಳೆಯ ಪುರಾವೆ ಅವನ ಪತ್ರಗಳು. ಮೂಲ ಪತ್ರವನ್ನೇ ಅರ್ಜಿಗೆ ಲಗತ್ತಿಸಿದ ತಾಯಂದಿರು ಎಷ್ಟೋ ಮಂದಿ. ಅವು ಕಡತದಲ್ಲೇ ಉಳಿದು ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹಣ ಕಳಿಸಿದ ಸಾಲನ್ನು ಕತ್ತರಿಸಿ ಪ್ರಕಟಿಸಿದರೆ ಆ ಪತ್ರ ಅಲ್ಲಿಗೆ ಬಂದ ಕಾರಣವೇ ಓದುಗರಿಗೆ ತಿಳಿಯುವುದಿಲ್ಲ.

ಲಕೋಟೆಯನ್ನೂ ಓದಬೇಕು. ಉತ್ತರದಲ್ಲಿ ಅರ್ಧ ಔನ್ಸ್ ಪತ್ರಕ್ಕೆ 3 ಸೆಂಟ್. ಮುಂಗಡ ಅಂಚೆವೆಚ್ಚ ಕಡ್ಡಾಯವಿತ್ತು. ಆದರೆ 1861ರ ಜುಲೈನಿಂದ ಸೈನಿಕರಿಗೆ ವಿನಾಯಿತಿ: ಸೈನಿಕನ ಪತ್ರ ಎಂದು ಲಕೋಟೆಯ ಮೇಲೆ ಬರೆದು ಅಧಿಕಾರಿ ರುಜು ಹಾಕಿದರೆ ಚೀಟಿಯಿಲ್ಲದೆ ಹೋಗುತ್ತಿತ್ತು, ಮನೆಯವರು 3 ಸೆಂಟ್ ತೆತ್ತು ಬಿಡಿಸಿಕೊಳ್ಳುತ್ತಿದ್ದರು. ದಕ್ಷಿಣದಲ್ಲಿ 1862ರ ಜುಲೈನಿಂದ ದರ 10 ಸೆಂಟ್. ಅಲ್ಲಿ ಕಾಗದದ ಬರ ಎಷ್ಟಿತ್ತೆಂದರೆ ಬಂದ ಲಕೋಟೆಯನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಮತ್ತೆ ಅಂಟಿಸಿ ಬಳಸುತ್ತಿದ್ದರು; ಗೋಡೆಗೆ ಹಚ್ಚುವ ಹೂವಿನ ಕಾಗದದಿಂದಲೂ ಲಕೋಟೆ ಮಾಡಿದ್ದಾರೆ. ಅಂಚೆಮುದ್ರೆಯ ವಿಷಯದಲ್ಲಿ ಒಂದು ಎಚ್ಚರ. ವರ್ಜೀನಿಯಾದಲ್ಲಿದ್ದ ಉತ್ತರದ ಪೊಟೋಮ್ಯಾಕ್ ಸೇನೆಯ ಪತ್ರಗಳ ಮೇಲೆ ಹೆಚ್ಚಾಗಿ ಕಾಣುವುದು ವಾಷಿಂಗ್ಟನ್ ಮುದ್ರೆ. ಅದನ್ನು ನಂಬಿ ಸೈನಿಕ ರಾಜಧಾನಿಯಲ್ಲಿದ್ದ ಎಂದು ಬರೆದರೆ ತಪ್ಪಾಗುತ್ತದೆ. ಪತ್ರದ ತಲೆಬರಹ, ರೆಜಿಮೆಂಟಿನ ಸಂಖ್ಯೆ, ಯುದ್ಧದ ಅಧಿಕೃತ ದಾಖಲೆಗಳ 128 ಪುಸ್ತಕಗಳು, ಇವನ್ನು ತಾಳೆ ನೋಡಿಯೇ ಸ್ಥಳ ಹೇಳಬೇಕು.

ಪುಟಗಳ ಕ್ರಮದಲ್ಲಿ ತಜ್ಞರೂ ಎಡವುತ್ತಾರೆ. ಒಂದೇ ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಕೆಲವರು ಒಂದನೆಯದಾದ ಮೇಲೆ ಹಾಳೆ ತಿರುಗಿಸಿ ನಾಲ್ಕನೆಯ ಪುಟ ಬರೆದು, ಆಮೇಲೆ ಒಳಗಿನ ಎರಡಕ್ಕೆ ಬರುತ್ತಾರೆ. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಾರೆ. ಪುಟದ ಕೊನೆಯ ಪದ ಯಾವ ಪುಟದ ಮೊದಲ ಪದಕ್ಕೆ ಕೂಡುತ್ತದೆಂದು ನೋಡದೆ ನಕಲು ಮಾಡಿದರೆ ಬದುಕಿದ್ದವನು ಸತ್ತು, ಮುಂದಿನ ಪುಟದಲ್ಲಿ ಎದ್ದು ಕೂರುತ್ತಾನೆ. ಕಾಗುಣಿತವನ್ನೂ ತಿದ್ದಬಾರದು. ಕಿವಿಗೆ ಕೇಳಿದಂತೆ ಬರೆದವರ ತಪ್ಪುಗಳಲ್ಲೇ ಆ ಊರಿನ ಉಚ್ಚಾರ ಉಳಿದಿದೆ.

ಮೂಲಪ್ರತಿ ಇರುವವರಿಗೂ ಒಂದು ಮಾತು. ಆಗಿನ ಕಾಗದ ಬಹುಮಟ್ಟಿಗೆ ಹತ್ತಿ, ನಾರುಬಟ್ಟೆಯ ಚಿಂದಿಯಿಂದಾದದ್ದು, ಗಟ್ಟಿ. ಕಾಟ ಶಾಯಿಯದು. ಓಕ್ ಮರದ ಗಂಟುಕಾಯಿಯ ಒಗರು ರಸಕ್ಕೆ ಕಬ್ಬಿಣದ ಸಲ್ಫೇಟ್ ಸೇರಿಸಿ ಮಾಡಿದ ಆ ಶಾಯಿ ಆಮ್ಲೀಯ. ಕಪ್ಪು ಕಂದಾಗುತ್ತ ಕಾಗದವನ್ನು ತಿನ್ನುತ್ತದೆ, ತೇವ ತಾಗಿದರೆ ಇನ್ನೂ ಬೇಗ. ಹಾಗಾಗಿ ಮಡಿಕೆ ಬಿಡಿಸಲು ಹಬೆ ಹಿಡಿಯಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಪಾಲಿಯೆಸ್ಟರ್ ಹೊದಿಕೆಯಲ್ಲಿಟ್ಟು ಬೆಳಕಿನಿಂದ ದೂರವಿಡಿ. ಪೆನ್ಸಿಲಿನ ಬರಹ ಬಣ್ಣಗೆಡುವುದಿಲ್ಲ, ಆದರೆ ಉಜ್ಜಿದರೆ ಹೋಗುತ್ತದೆ.

ಲೇಖನದಲ್ಲಿ ಉಲ್ಲೇಖಿಸಿದ, ಉತ್ತರದ ಸೇನೆಯ ಮೇಜರ್ ಸಲಿವನ್ ಬಲೂ ಹೆಂಡತಿಗೆ ಬರೆದ ಪತ್ರದ ಬಗ್ಗೆಯೂ ಹೇಳಬೇಕು. 1861ರ ಜುಲೈ 14ರ ಆ ಪತ್ರದ ಮೂಲಪ್ರತಿ ಸಿಕ್ಕಿಲ್ಲ, ಇರುವುದೆಲ್ಲ ನಕಲುಗಳು. ಒಂದು ವಾರದ ನಂತರದ ಬುಲ್ ರನ್ ಕದನದಲ್ಲಿ ಗಾಯಗೊಂಡು ಅವರು ತೀರಿಕೊಂಡರು. ಲೋಕಪ್ರಿಯವಾದದ್ದು 1990ರ ಟಿವಿ ಸಾಕ್ಷ್ಯಚಿತ್ರದಲ್ಲಿ ಓದಿದ ಸಂಕ್ಷಿಪ್ತ ರೂಪ. ಅದನ್ನೇ ಪೂರ್ತಿ ಪತ್ರವೆಂಬಂತೆ ಅನುವಾದಿಸುವುದು ಸರಿಯಲ್ಲ.

ಮುಂದಿನ ಸಲ ಒಂದೇ ಪತ್ರವಾದರೂ ಸಾಕು, ಲಕೋಟೆಯ ಚಿತ್ರದೊಂದಿಗೆ, ಒಂದು ಸಾಲೂ ಬಿಡದೆ ಪ್ರಕಟಿಸಿ. ಕೈಬರಹ ಓದುವ ಆಸಕ್ತಿಯಿರುವವರಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಿಂದ ಅಂತರ್ಜಾಲದಲ್ಲಿ ಸ್ವಯಂಸೇವಕರಿಗೆ ನಕಲು ಮಾಡುವ ಕೆಲಸ ಕೊಡುತ್ತಿದೆ. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಸೈನಿಕರು ಎಡಗೈ ಬರವಣಿಗೆಯ ಸ್ಪರ್ಧೆಗೆ ಕಳಿಸಿದ ಹಾಳೆಗಳೂ ಅದೇ ಗ್ರಂಥಾಲಯದ ಸಂಗ್ರಹದಲ್ಲಿವೆ. ಮೊದಲ ಸಲ ಓದುವವರಿಗೆ ಅವೇ ಸುಲಭ, ಏಕೆಂದರೆ ಬಹುಮಾನದ ಆಸೆಗೆ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಬರೆದಿದ್ದಾರೆ.