ಅಮ್ಮನಿಗೆ: ಬ್ಯಾರೆಲ್ ವಿಷಯ, ಅಪ್ಪನ ಕಣ್ಣಿನ ವಿಷಯ

ಅಮ್ಮ,

ನಾನು ಚೆನ್ನಾಗಿದ್ದೇನೆ. ನೀವೂ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಗುರುವಾರ ಸಿಕ್ಕಿತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ.

ಮೊದಲು ಬಂದೂಕಿನ ವಿಷಯ ಮುಗಿಸಿಬಿಡುತ್ತೇನೆ. ಸುರೇಶ ತೋರಿಸಿದ ಫೋಟೋದಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿರುವವನು ನಾನೇ. ಆದರೆ ಕೈಯಲ್ಲಿರುವುದು ಬಂದೂಕಲ್ಲ, ಪೇಂಟ್‌ಬಾಲ್ ಅನ್ನೋ ಆಟದಲ್ಲಿ ಗಾಳಿಯ ಒತ್ತಡದಿಂದ ಬಣ್ಣದ ಉಂಡೆ ಹಾರಿಸುವ ಸಾಧನ. ಇಲ್ಲಿ ಆಡುವವರ ಮುಂದೆ ಗನ್ ಅಂದರೆ ತಕ್ಷಣ ತಿದ್ದುತ್ತಾರೆ, ಮಾರ್ಕರ್ ಅನ್ನಬೇಕಂತೆ. ಅದಕ್ಕೆ ಕಾರಣವೂ ಇದೆ. ಮೊದಲು ಇದನ್ನು ಇಟ್ಟುಕೊಂಡಿದ್ದವರು ಕಾಡಿನ ಕೆಲಸದವರು, ದನ ಸಾಕುವವರು. ಮರಕ್ಕೋ ದನಕ್ಕೋ ದೂರದಿಂದಲೇ ಬಣ್ಣದ ಗುರುತು ಹಾಕೋಕೆ. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಅನ್ನೋ ಊರಿನ ಹತ್ತಿರ 12 ಜನ ಅದನ್ನೇ ಹಿಡಿದು ಕಾಡಿಗೆ ಇಳಿದರು, ಬಾವುಟ ತರುವ ಆಟ. ಗೆದ್ದವನು ಒಂದೂ ಉಂಡೆ ಹಾರಿಸಲಿಲ್ಲ. ಸದ್ದಿಲ್ಲದೆ ಮರಗಳ ನಡುವೆ ಹೋಗಿ ಬಾವುಟಗಳನ್ನು ತಂದುಬಿಟ್ಟ. ನಿನಗೆ ಹಿಡಿಸುವಂಥ ಮನುಷ್ಯ. ಪದ್ಮತ್ತೆ ಕೇಳಿದರೆ ಇದನ್ನೇ ಹೇಳು.

ಉಂಡೆ ಅಂದರೆ ಏನು ಮಹಾ? ಅಪ್ಪ ನುಂಗುವ ಕ್ಯಾಪ್ಸೂಲ್ ಇದೆಯಲ್ಲ, ಅದರ ಅಣ್ಣ. ಮೇಲೆ ಜೆಲಟಿನ್ ಸಿಪ್ಪೆ, ಒಳಗೆ ತೊಳೆದರೆ ಹೋಗುವ ಬಣ್ಣ. ತೂಕ 3 ಗ್ರಾಂ ಹತ್ತಿರ. ಮೈಗೆ ತಗುಲಿದರೆ ಚುರುಕ್ ಅನ್ನುತ್ತದೆ, ಒಮ್ಮೊಮ್ಮೆ ನೀಲಿಗಟ್ಟುತ್ತದೆ, ಅಷ್ಟೇ. ತಗುಲಿದವನು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ನಮ್ಮ ಜೊತೆ ಒಬ್ಬರು ಹಲ್ಲಿನ ಡಾಕ್ಟರ್ ಆಡ್ತಾರೆ. ಯಾರಿಗೆ ಹೊಡೆದರೂ ‘ಸಾರಿ, ಸಾರಿ’ ಅಂತ ಕೂಗ್ತಾರೆ. ಹಲ್ಲು ಕೀಳುವಾಗಲೂ ಹಾಗೇ ಅಂತಾರೋ ಏನೋ.

‘ರಾತ್ರಿಯೆಲ್ಲ ಕೂತು ಅದರ ಕೊಳವೆ ಉಜ್ಜುತ್ತಾನಂತೆ, ಇವನಿಗೆ ಏನಾಗಿದೆ’ ಅಂತ ಬರೆದಿದ್ದೀಯ. ರಾತ್ರಿಯೆಲ್ಲ ಅಲ್ಲ, ಹನ್ನೊಂದರ ತನಕ. ಮುಂದಿನದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ನಿನಗೆ ಬೇಜಾರಾಗಬಹುದು, ಆದರೂ ಒಂದು ಸಾಲೂ ಬಿಡಬೇಡ.

ಅಪ್ಪ, ಇದು 14 ಇಂಚಿನ ಅಲ್ಯೂಮಿನಿಯಂ ಬ್ಯಾರೆಲ್. ಸೆಕೆಂಡ್ ಹ್ಯಾಂಡ್. ಉಂಡೆ ಹೆಸರಿಗೆ .68 ಇಂಚು, ಅಂದರೆ 17.3 ಮಿ.ಮೀ. ಹತ್ತಿರ. ಹೆಸರಿಗೆ ಯಾಕೆ ಅಂದರೆ ಯಾವ ಉಂಡೆಯೂ ಪೂರ್ತಿ ಗುಂಡಗಿರುವುದಿಲ್ಲ. ಎರಡು ಅರ್ಧ ಸೇರಿಸಿದ ಕಡೆ ಗೆರೆ ಇರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಉಬ್ಬುತ್ತದೆ. ಒಂದು ಡಬ್ಬಿಯದಕ್ಕೂ ಇನ್ನೊಂದು ಡಬ್ಬಿಯದಕ್ಕೂ ಅಳತೆಯಲ್ಲಿ ವ್ಯತ್ಯಾಸ. ನೀವಾಗಿದ್ದರೆ ಎಲ್ಲವನ್ನೂ ರಿಜೆಕ್ಟ್ ಮಾಡಿ ವಾಪಸ್ ಕಳಿಸುತ್ತಿದ್ದಿರಿ. ಅದಕ್ಕೇ ಇಲ್ಲಿ ವರ್ನಿಯರ್‌ಗಿಂತ ಬಾಯಿಯನ್ನೇ ಜಾಸ್ತಿ ನಂಬುತ್ತಾರೆ. ಬ್ಯಾರೆಲ್ ಬಿಚ್ಚಿ, ಹಿಂದಿನಿಂದ ಉಂಡೆ ಹಾಕಬೇಕು. ತಾನಾಗಿ ಉರುಳಿ ಬಿದ್ದರೆ ಬೋರ್, ಅಂದರೆ ಕೊಳವೆಯ ಒಳಗಿನ ಅಗಲ, ದೊಡ್ಡದು. ಅಲ್ಲೇ ನಿಂತು, ಉಫ್ ಅಂತ ಊದಿದಾಗ ಹೊರಗೆ ಹೋದರೆ ಸರಿ. ಊದಿದರೂ ಕದಲದಿದ್ದರೆ ಬಿಗಿ, ಒಳಗೇ ಒಡೆಯುತ್ತದೆ.

ನನ್ನದು ಒಂದು ಚೂರು ಬಿಗಿ, ಜೊತೆಗೆ ಒಳಗೆಲ್ಲ ಗೀರು. ಡ್ರಿಲ್ ಮೆಷಿನ್‌ಗೆ ಹಾಕಿ ಉಜ್ಜಬಹುದಿತ್ತು. ಆದರೆ ‘ಲೋಹ ತೆಗೆಯಬಹುದು ಕಣೋ, ವಾಪಸ್ ಹಾಕೋಕಾಗಲ್ಲ’ ಅಂತ ನೀವು ಬೈಯುತ್ತಿದ್ದದ್ದು ನೆನಪಾಯಿತು. ಒಂದು ಮರದ ಕೋಲಿನ ತುದಿ ಸೀಳಿ, ವಾಟರ್ ಪೇಪರ್ ಸಿಕ್ಕಿಸಿ ಸುತ್ತಿ, ಕೈಯಲ್ಲೇ ತಿರುಗಿಸಿದೆ. ಮೊದಲು 600 ನಂಬರಿನದು, ಆಮೇಲೆ ಇನ್ನೂ ನಯವಾದ 1000, ಆಮೇಲೆ 2000. ಕೊನೆಗೆ ಬಟ್ಟೆಗೆ ಪಾಲಿಶ್ ಹಚ್ಚಿ ಎಳೆದೆ. ಒಂದು ತುದಿಯಿಂದ ಬಲ್ಬಿನ ಕಡೆ ನೋಡಿದರೆ ಒಳಗೆ ಬೆಳಕಿನ ಬಳೆಗಳು, ಒಂದರ ಹಿಂದೆ ಒಂದು, ಎಲ್ಲೂ ಮುರಿಯದೆ. ನಿಮಗೆ ತೋರಿಸಬೇಕು ಅನ್ನಿಸಿತು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬ್ಯಾರೆಲ್‌ನ ಮುಂದಿನ ಭಾಗದಲ್ಲಿ ತೂತು ಕೊರೆದರೆ ಉಂಡೆಯ ಹಿಂದಿನ ಗಾಳಿ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗಿ ಸದ್ದು ಮೆತ್ತಗಾಗುತ್ತದೆ. ಹಿಂದಿನ ಭಾಗ ಮುಟ್ಟಬಾರದು, ಉಂಡೆಗೆ ವೇಗ ಸಿಗೋದು ಅಲ್ಲೇ. ಸೆಂಟರ್ ಪಂಚ್‌ನಿಂದ ಗುರುತು ಹಾಕಿ, ಉರುಳದ ಹಾಗೆ ವಿ-ಬ್ಲಾಕ್ ಮೇಲೆ ಕೂರಿಸಿ, 4 ಸಾಲು, ಸಾಲಿಗೆ 6 ತೂತು ಕೊರೆದೆ. ಹೊರಗಿನಿಂದ ನೋಡೋಕೆ ಕೊಳಲಿನ ಹಾಗೆ ಚೆಂದ. ಮೈದಾನಕ್ಕೆ ತಗೊಂಡು ಹೋಗಿ ಹತ್ತು ಉಂಡೆ ಹಾರಿಸಿದೆ. ಹತ್ತೂ ಒಳಗೇ ಒಡೆದವು. ಎಲ್ಲ ತೂತುಗಳಿಂದಲೂ ಹಳದಿ ಬಣ್ಣ ಚಿಮ್ಮಿ ನನ್ನ ಮೇಲೇ ಬಿತ್ತು. ಹಲ್ಲಿನ ಡಾಕ್ಟರ್ ನಕ್ಕು ನಕ್ಕು ಕೂತೇಬಿಟ್ಟರು.

ನೀವಿಷ್ಟು ಹೊತ್ತಿಗೆ ‘ಬರ್ ತೆಗೆದಿಲ್ಲ, ಕತ್ತೆ’ ಅಂದಿರುತ್ತೀರಿ. ಹೌದು, ತೆಗೆದಿರಲಿಲ್ಲ. ಡ್ರಿಲ್ ಒಳಗೆ ಇಳಿದ ಕಡೆ ಅಂಚಿನಲ್ಲಿ ಸಣ್ಣ ಮುಳ್ಳು ಉಳಿದಿತ್ತು. ಟಾರ್ಚ್ ಬಿಟ್ಟು ನೋಡಿದರೂ ನನಗೆ ಕಾಣಲಿಲ್ಲ. ಆಮೇಲೆ ನೀವು ಮಾಡುತ್ತಿದ್ದ ಹಾಗೆ ಕಡ್ಡಿಗೆ ಹತ್ತಿ ಸುತ್ತಿ ಮೆಲ್ಲಗೆ ಎಳೆದೆ. ಎಲ್ಲೆಲ್ಲಿ ಬರ್ ಇತ್ತೋ ಅಲ್ಲಲ್ಲಿ ಒಂದೊಂದು ಎಳೆ ಸಿಕ್ಕಿಕೊಂಡು ನಿಂತಿತು. 24 ತೂತಿನಲ್ಲಿ 19ಕ್ಕೆ ಹತ್ತಿ! ಮತ್ತೆ ಕೋಲು, ಮತ್ತೆ ವಾಟರ್ ಪೇಪರ್, ಎರಡು ರಾತ್ರಿ. ಈಗ ಹತ್ತಿ ಎಲ್ಲೂ ನಿಲ್ಲುವುದಿಲ್ಲ. ಗಾಳಿ ಮಾತ್ರ ಮೊದಲಿಗಿಂತ ಜಾಸ್ತಿ ಕುಡಿಯುತ್ತದೆ, ಅದು ತೂತಿನ ಬಾಡಿಗೆ.

ಅಮ್ಮ, ಈಗ ನಿನಗೆ. ಹೊರಗಡೆ ಬಣ್ಣ ಮಾಡೋಕೆ ಅನೋಡೈಸಿಂಗ್ ಅಂತ ಒಂದಿದೆ. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹರಿಸಬೇಕು. ಮನೆಯಲ್ಲೇ ಮಾಡುವವರಿದ್ದಾರೆ. ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಸ್ಪ್ರೇ ಪೇಂಟ್ ಹೊಡೆದೆ, ಕಡು ನೀಲಿ. ಒಂದು ಮೂಲೆಯಲ್ಲಿ ಆಗಲೇ ಎದ್ದುಬಂದಿದೆ, ಇರಲಿ. ಆಟಕ್ಕೆ ಮುಂಚೆ ಪ್ರತಿಯೊಬ್ಬರ ಮಾರ್ಕರ್ ವೇಗವನ್ನೂ ಕ್ರೋನೋಗ್ರಾಫ್‌ನಲ್ಲಿ ಅಳೆಯುತ್ತಾರೆ. ನಮ್ಮ ಮೈದಾನದಲ್ಲಿ ಸೆಕೆಂಡಿಗೆ 280 ಅಡಿ ದಾಟಿದರೆ ಒಳಗೆ ಬಿಡುವುದಿಲ್ಲ. ಆಟ ಮುಗಿದ ಕೂಡಲೇ ಬ್ಯಾರೆಲ್ ಬಾಯಿಗೆ ಬಟ್ಟೆಯ ಚೀಲ ಕಟ್ಟಬೇಕು. ಮಾಸ್ಕ್ ಅಂತೂ ಮೈದಾನದೊಳಗೆ ಒಂದು ಕ್ಷಣವೂ ತೆಗೆಯುವ ಹಾಗಿಲ್ಲ. ಬೆವರು ಒರೆಸೋಕೂ ಇಲ್ಲ, ಮಂಜು ಕಟ್ಟಿ ಏನೂ ಕಾಣದಿದ್ದರೂ ಇಲ್ಲ. ಯಾಕೆಂದರೆ ಈ ಆಟದಲ್ಲಿ ದೊಡ್ಡ ಅಪಾಯ ಇರೋದು ಕಣ್ಣಿಗೆ, ಉಳಿದದ್ದೆಲ್ಲ ಬಟ್ಟೆ ಒಗೆದರೆ ಹೋಗುತ್ತದೆ.

ಕಣ್ಣು ಅಂದೆನಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, ‘ಅಪ್ಪ ಆಪರೇಷನ್ ಮತ್ತೆ ಮುಂದಕ್ಕೆ ಹಾಕಿದರು, ಚಳಿ ಕಳೀಲಿ ಅಂತಾರೆ’ ಅಂತ ಒಂದೇ ಸಾಲು. ಬಂದೂಕಿಗೆ ಎರಡು ಪುಟ, ಇದಕ್ಕೆ ಒಂದು ಸಾಲು, ಹೌದಾ ಅಮ್ಮ? ಕಳೆದ ಸಲ ಮಳೆ ನಿಲ್ಲಲಿ ಅಂದಿದ್ದರು. ಅದಕ್ಕೂ ಮುಂಚೆ ಬಿಸಿಲು.

ಅಪ್ಪ ಪತ್ರದ ಜೊತೆ ಇಟ್ಟಿದ್ದ ಚೀಟಿ ನೀನು ನೋಡಿದೆಯಾ? ಬೋರ್ ಅಳೆಯುವಾಗ ಮೂರು ಕಡೆ ಅಳೆ ಅಂತ ಬರೆದಿದ್ದಾರೆ. ಮೊದಲ ಸಾಲು ನೆಟ್ಟಗಿದೆ. ಎರಡನೆಯದು ಅರ್ಧದಿಂದ ಮೇಲೆ ಹತ್ತಿ ಮೊದಲನೆಯದರ ಮೇಲೇ ಕೂತಿದೆ. ಮೂರನೆಯದು ಕಾಗದದ ಅಂಚು ದಾಟಿ ಹೋಗಿದೆ, ಕೊನೆಯ ಅಕ್ಷರ ಮೇಜಿನ ಮೇಲೆ ಬಿದ್ದಿರಬೇಕು. ರೂಲು ಇಲ್ಲದ ಕಾಗದದಲ್ಲೂ ಗೆರೆ ಎಳೆದ ಹಾಗೆ ಬರೆಯುತ್ತಿದ್ದವರು ಅವರು. ಟೇಬಲ್ ಲ್ಯಾಂಪ್ ಕೆಳಗೆ ಆ ಚೀಟಿ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಆವತ್ತು ಏನೂ ಉಜ್ಜಲಿಲ್ಲ.

ಅಪ್ಪ, ನಿಮ್ಮ ಬೆರಳಿಗೆ ಎಲ್ಲ ಗೊತ್ತಾಗುತ್ತದೆ, ನನಗೆ ಗೊತ್ತು. ಹತ್ತಿಯಿಂದಲೇ ಬರ್ ಹಿಡಿಯುತ್ತೀರಿ. ಆದರೆ ಬೆರಳಿಂದ ರಸ್ತೆ ದಾಟೋಕಾಗಲ್ಲ. ಕಣ್ಣಿನ ಪೊರೆ ಅಂದರೆ ಒಳಗಿನ ಮಸೂರ ಮಬ್ಬಾಗಿದೆ ಅಂತ. ಅದನ್ನು ತೆಗೆದು ಬೇರೆ ಮಸೂರ ಕೂರಿಸುತ್ತಾರೆ. ಇದು ಲೋಹ ಅಲ್ಲ, ಇಲ್ಲಿ ತೆಗೆದದ್ದಕ್ಕೆ ಬದಲು ಹಾಕೋಕಾಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಪೊರೆ ತುಂಬ ಬಲಿತರೆ ಡಾಕ್ಟರಿಗೆ ಕೆಲಸ ಕಷ್ಟ, ಅದಕ್ಕೇ ಹೇಳುತ್ತಿರುವುದು. ಚಳಿಗೂ ಇದಕ್ಕೂ ಸಂಬಂಧ ಇಲ್ಲ.

ದುಡ್ಡಿನ ಯೋಚನೆ ಬೇಡ. ಸೋಮವಾರ ಕಳಿಸಿದ್ದೇನೆ, ವಿದ್ಯಾ ಹೆಸರಿಗೆ. ನಿಮ್ಮ ಹೆಸರಿಗೆ ಕಳಿಸಿದರೆ ಅದು ಎಲ್ಲಿ ಹೋಗುತ್ತದೆ ಅಂತ ಗೊತ್ತು. ದಿನ ಗೊತ್ತುಮಾಡಿ ಬರೆಯಿರಿ, ‘ನೋಡೋಣ’ ಅಂತ ಬರೆಯಬೇಡಿ. ರಜೆ ಸಿಕ್ಕರೆ ನಾನೇ ಬರುತ್ತೇನೆ. ಬ್ಯಾರೆಲ್ ಜೊತೆಗೆ ತರುವುದಿಲ್ಲ ಅಮ್ಮ, ಗಾಬರಿ ಬೇಡ. ಆಪರೇಷನ್ ಆದಮೇಲೆ ಅದರ ಒಳಗಿನ ಫೋಟೋ ಕಳಿಸುತ್ತೇನೆ, ಅಪ್ಪ ತಾವೇ ನೋಡಿ ತಪ್ಪು ಹೇಳಲಿ.

ನಾನು ಸರಿಯಾಗಿ ಊಟ ಮಾಡ್ತಿದ್ದೇನೆ, ನಿದ್ದೆ ಮಾಡ್ತಿದ್ದೇನೆ, ಸಣ್ಣಗಾಗಿಲ್ಲ, ಕೆಮ್ಮು ಪೂರ್ತಿ ಹೋಗಿದೆ. ಮೈಮೇಲೆ ಒಂದು ಗಾಯವೂ ಇಲ್ಲ. ಮೊಣಕೈ ಹತ್ತಿರ ಒಂದು ನೀಲಿ ಇತ್ತು, ಅದೂ ಹೋಯಿತು. ಬಸ್ಸಿಗೆ ಹೊತ್ತಾಯಿತು, ಇದನ್ನು ದಾರಿಯಲ್ಲೇ ಪೋಸ್ಟ್ ಮಾಡಬೇಕು. ವಿದ್ಯಾಗೆ ಬೇರೆ ಬರೆಯುತ್ತೇನೆ ಅಂತ ಹೇಳು.

ನಿನ್ನ,
ರಘು

ಚೀಟಿಯನ್ನು ಎತ್ತಿಟ್ಟುಕೊಂಡಿದ್ದೇನೆ ಅಂತ ಅಪ್ಪನಿಗೆ ಹೇಳಬೇಡ.