ಹಲ್ಲು ಉಳಿಯಿತು, ಉಳಿಸಿದವರಿಗೆ ವಂದನೆ

ವಸಡಿನ ಆಪರೇಷನ್ ಆಗಿ ವರ್ಷ ತುಂಬಿದ ಮೇಲಿನ ಎಕ್ಸ್‌ರೇ ನಿನ್ನೆ ಬಂತು. ಕೆಳದವಡೆಯ ಹಲ್ಲಿನ ಬೇರಿನ ಪಕ್ಕ ಮೂಳೆ ಸವೆದು ಕಪ್ಪಗೆ ಕಾಣುತ್ತಿದ್ದ ಗುಂಡಿ ಬಹುಪಾಲು ತುಂಬಿದೆ. ಹಲ್ಲು-ವಸಡಿನ ನಡುವೆ 8 ಮಿಲಿಮೀಟರ್ ಒಳಗಿಳಿಯುತ್ತಿದ್ದ ಡಾಕ್ಟರ ಅಳತೆಕಡ್ಡಿ ಈಗ 3ಕ್ಕೇ ನಿಲ್ಲುತ್ತದೆ. ಜೋಳದ ರೊಟ್ಟಿಯನ್ನು ಆ ಕಡೆಯಿಂದಲೇ ಅಗಿಯುತ್ತಿದ್ದೇನೆ.

ಮೊದಲ ವಂದನೆ ನಮ್ಮ ವಸಡಿನ ಡಾಕ್ಟರಿಗೆ. "ಕೀಳಿಸಿ ಇಂಪ್ಲಾಂಟ್ ಹಾಕಿಸಿಕೊಂಡುಬಿಡಿ" ಎಂದು ಎಲ್ಲರೂ ಅನ್ನುತ್ತಿದ್ದಾಗ ಅವರು, "ಗುಂಡಿ ಆಳ ಇದೆ, ಆದರೆ ಕಿರಿದು. ಸುತ್ತ ಮೂಳೆಯ ಗೋಡೆ ಉಳಿದಿರೋ ಹಾಗಿದೆ, ತುಂಬಿಸಬಹುದು" ಎಂದರು. ಮುಂಭಾಗದ ಹಲ್ಲುಗಳ ಮೂಳೆ ಸಮನಾಗಿ ಸವೆದಿದೆ, ಅಲ್ಲಿ ಏನು ಹಾಕಿದರೂ ಬೆಳೆಯೋಲ್ಲ ಎಂದೂ ಹೇಳಿದರು. ಆಗದ್ದನ್ನು ಆಗದು ಅಂದದ್ದಕ್ಕೇ ಆಗುತ್ತೆ ಅಂದದ್ದನ್ನು ನಂಬಿದೆ. ನನ್ನ ಶುಗರ್ ಹತೋಟಿಗೆ ಬರುವ ತನಕ ಬ್ಲೇಡ್ ಮುಟ್ಟಲಿಲ್ಲ.

ಮರೆಯಲಾಗದ್ದು ಇನ್ನೊಂದಿದೆ. "ಗುಂಡಿಗೆ ತುಂಬೋ ಮೂಳೆಪುಡಿ ದನದ್ದಿರುತ್ತೆ, ದಾನಿಗಳದ್ದಿರುತ್ತೆ, ಕೃತಕವೂ ಸಿಗುತ್ತೆ. ಮೇಲೆ ಹೊದಿಸೋ ಕೊಲಾಜೆನ್ ಅನ್ನೋ ಪ್ರೋಟೀನಿನ ಪೊರೆ ಸಾಮಾನ್ಯವಾಗಿ ಹಂದಿಯದ್ದೋ ದನದ್ದೋ. ನಿಮ್ಮನೇಲಿ ಹೇಗೆ?" ನಾನು ಕೇಳುವ ಮೊದಲೇ ಅವರು ಕೇಳಿದರು. ಅತ್ತೆಯವರ ಮುಖ ನೆನೆದು ಕೃತಕ ಪುಡಿಗೇ ಒಪ್ಪಿದೆ. ಪೊರೆಗೆ ನನ್ನದೇ ರಕ್ತ: ತೋಳಿನಿಂದ ತೆಗೆದು, ಯಂತ್ರದಲ್ಲಿ ಗರಗರ ತಿರುಗಿಸಿ, ನಡುವೆ ಕೂತ ಹಳದಿ ಗಟ್ಟಿಯನ್ನು ಒತ್ತಿ ಹಾಳೆ ಮಾಡಿದರು. ಇದು ಕೊಲಾಜೆನ್ ಪೊರೆಯಷ್ಟು ದಿನ ಬಾಳೋಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಸುಲಭಕ್ಕೆ ಸಿಗದ ನನ್ನ ನರವನ್ನು ಒಂದೇ ಚುಚ್ಚಿಗೆ ಹಿಡಿದ ಸಿಸ್ಟರ್‌ಗೆ ಪ್ರತ್ಯೇಕ ಥ್ಯಾಂಕ್ಸ್!

ಪೊರೆ ಏಕೆಂದು ಬಿಡಿಸಿ ಹೇಳಿದವರು ಜೊತೆಗಿದ್ದ ಪಿಜಿ ವಿದ್ಯಾರ್ಥಿನಿ. ವಸಡಿನ ಚರ್ಮ ಬೇಗ ಬೆಳೆದು ಗುಂಡಿಗಿಳಿದುಬಿಡುತ್ತದಂತೆ. ನಿಧಾನವಾಗಿ ಬರುವ ಮೂಳೆಗೂ ಹಲ್ಲಿನ ಬೇರನ್ನು ಮೂಳೆಗೆ ಹಿಡಿದಿಡುವ ನಾರೆಳೆಗಳಿಗೂ ಆಮೇಲೆ ಜಾಗ ಸಿಗದು. ಸಸಿಗೆ ಹಾಕಿದ ಬೇಲಿಯಂತೆ ಪೊರೆ ಆ ಚರ್ಮವನ್ನು ತಡೆಯಬೇಕು. 1982ರಲ್ಲಿ ಸ್ವೀಡನ್ನಿನ ವಸಡು ತಜ್ಞ ಸ್ಟೂರೆ ನೈಮನ್ ಮತ್ತು ಸಂಗಡಿಗರು ರೋಗಿಯೊಬ್ಬರ ಕೆಳಗಿನ ಮುಂದಿನ ಹಲ್ಲಿಗೆ ಸೋಸುವ ಹಾಳೆಯೊಂದನ್ನು (ಫಿಲ್ಟರ್) ಅಡ್ಡ ಇಟ್ಟು ಇದನ್ನು ತೋರಿಸಿಕೊಟ್ಟರಂತೆ. ಹೆಸರೂ ಗೊತ್ತಿಲ್ಲದ ಆ ರೋಗಿಯ ಋಣವೂ ನನ್ನ ಮೇಲಿದೆ.

ಹೊಲಿಗೆ ಬಿಚ್ಚುವವರೆಗೆ ತಣ್ಣನೆ ರಾಗಿ ಅಂಬಲಿ, ಮೆತ್ತನೆ ಮೊಸರನ್ನ ಮಾಡಿಕೊಟ್ಟ ಅತ್ತಿಗೆಗೆ, ನನ್ನೆದುರು ಸಿಗರೇಟು ಹಚ್ಚದ ಅಣ್ಣನಿಗೆ (ಪೂರ್ತಿ ಬಿಟ್ಟರೆ ಇನ್ನೂ ಸಂತೋಷ), ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಬನ್ನಿ ಎಂದು ಬಿಡದೆ ಫೋನ್ ಮಾಡುವ ಕ್ಲಿನಿಕ್ಕಿನ ಹುಡುಗನಿಗೆ ನಮಸ್ಕಾರ. ಯುಗಾದಿ ಮುಗಿಸಿಕೊಂಡು ಬರ್ತೀನಪ್ಪ, ಹೆಸರು ಬರ್ಕೊ.