ಪತ್ರಿಕೆ ಬಂಡೆಗೆ ಹತ್ತು ನಿಮಿಷ ಸಾಲದು

ಮಾನ್ಯರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮಂಥವರು ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನಿಯನ್ ನೋಡಿ ಬಂದುಬಿಡುತ್ತೇವೆ. ಈ ಸಲ ಮಗಳು ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನಕ್ಕೂ ಕಳಿಸಿದಳು. ಹೆಸರಿಗೆ ಕಾಡು, ಕಣ್ಣಿಗೆ ಬರೀ ಮರುಭೂಮಿ. ಕಲ್ಲಾದ ಮರದ ದಿಮ್ಮಿಗಳ ಫೋಟೊ ತೆಗೆದು ಎಲ್ಲರೂ ಹೊರಡುತ್ತಾರೆ. ನಾನು ಹೇಳಬೇಕೆಂದಿರುವುದು ಅಲ್ಲಿನ 'ನ್ಯೂಸ್‌ಪೇಪರ್ ರಾಕ್' ಬಗ್ಗೆ.

ದಿನಾ ಪೇಪರ್ ಓದದೆ ಕಾಫಿ ಇಳಿಯದ ನನಗೆ ಹೆಸರು ಕೇಳಿಯೇ ಖುಷಿ. ಅಲ್ಲಿರುವುದು 650ಕ್ಕೂ ಹೆಚ್ಚು ಕೆತ್ತನೆಗಳು. ಅಲ್ಲಿನ ಮೂಲನಿವಾಸಿಗಳಾದ ಇಂದಿನ ಹೋಪಿ, ಜೂನಿ ಜನರ ಪೂರ್ವಿಕರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದು. ಬಂಡೆಯ ಮೇಲೆ ಕಬ್ಬಿಣ, ಮ್ಯಾಂಗನೀಸ್ ಸೇರಿದ ಕಪ್ಪು ಪದರ. ಅದನ್ನು ಕುಟ್ಟಿದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. (ಬಳ್ಳಾರಿಯವನಿಗೆ ಕಬ್ಬಿಣ, ಮ್ಯಾಂಗನೀಸಿನ ಪಾಠ ಬೇಕಿಲ್ಲ ಬಿಡಿ!)

ಆದರೆ ಬಂಡೆಯ ಹತ್ತಿರ ಬಿಡುವುದಿಲ್ಲ. ಮೇಲಿನಿಂದ ದುರ್ಬೀನಿನಲ್ಲಿ ನೋಡಬೇಕು. ವ್ಯಾನಿನವನು ಕೊಟ್ಟಿದ್ದು ಹತ್ತೇ ನಿಮಿಷ. ನನ್ನ ಸರದಿ ಬಂದು, ದುರ್ಬೀನು ಕಣ್ಣಿಗೆ ಹೊಂದುವಷ್ಟರಲ್ಲಿ ಹಾರ್ನ್ ಹೊಡೆದ. ಸಿಟ್ಟು ಬಂತು. ಇಷ್ಟು ದೂರ ಬಂದು ದೂರದಿಂದಲೇ ನೋಡುವುದಾ ಅಂತಲೂ ಅನ್ನಿಸಿತು. ಆಮೇಲೆ ನಮ್ಮ ಸಂಗನಕಲ್ಲು ಗುಡ್ಡ ನೆನಪಾಯಿತು. ಅಲ್ಲೂ ಹೀಗೇ ಕುಟ್ಟಿ ಮಾಡಿದ ದನಗಳ, ಮನುಷ್ಯರ ಚಿತ್ರಗಳಿವೆ. ಚಿಕ್ಕಂದಿನಲ್ಲಿ ಆ ಕಲ್ಲುಗಳ ಮೇಲೇ ಕೂತು ಬುತ್ತಿ ಬಿಚ್ಚಿದವರು ನಾವು. ದೂರ ನಿಲ್ಲಿಸಿದ್ದೇ ಸರಿ ಅಲ್ವಾ?

ಹಾಗಂತ ಹತ್ತು ನಿಮಿಷ ಸರಿಯಲ್ಲ. ಪ್ರವಾಸದ ಪುಟದಲ್ಲಿ ದಯವಿಟ್ಟು ಇದನ್ನು ಹಾಕಿ: ಹೋಗುವವರು ಸ್ವಂತ ಬೈನಾಕ್ಯುಲರ್ ಒಯ್ಯಲಿ. ಪಕ್ಕದ ಪ್ವೆರ್ಕೊ ಪ್ವೆಬ್ಲೊಗೂ ಸಮಯ ಬೇಕೆಂದು ವ್ಯಾನಿನವರಿಗೆ ಮೊದಲೇ ಹೇಳಲಿ. ಅಲ್ಲಿ ನೂರರಷ್ಟು ಕೋಣೆಗಳಿದ್ದ ಹಳೇ ಊರಿನ ಪಾಯ ಇದೆ. ಸುತ್ತುವ ದಾರಿ ಅರ್ಧ ಕಿಲೊಮೀಟರ್ ಅಷ್ಟೇ, ಮಂಡಿನೋವಿನವರೂ ನಡೆಯಬಹುದು. ಒಂದು ಸಣ್ಣ ಸುರುಳಿಯ ಕೆತ್ತನೆಯೂ ಇದೆ. ಜೂನ್ 21ರ ಆಸುಪಾಸಿನಲ್ಲಿ, ಬೆಳಿಗ್ಗೆ 9ರ ಹೊತ್ತಿಗೆ, ಅದರ ನಡುವಿಗೆ ಬಿಸಿಲಿನ ಗೆರೆ ಬಂದು ನಿಲ್ಲುತ್ತದಂತೆ. ನಾವು ಹೋಗಿದ್ದು ಅಕ್ಟೋಬರ್.

ಸುರುಳಿ ತಪ್ಪಿದರೂ ಒಂದು ಹಕ್ಕಿಯ ಕೆತ್ತನೆ ಸಿಕ್ಕಿತು. ಉದ್ದ ಕೊಕ್ಕು, ಕೊಕ್ಕಿನ ತುದಿಯಲ್ಲಿ ಕಾಲು ಅಗಲಿಸಿದ ಒಂದು ಕಪ್ಪೆ. ನನ್ನ ಹೆಂಡತಿ ಅದನ್ನೇ ನೋಡುತ್ತಾ ನಿಂತಳು. ವ್ಯಾನಿನವನು ಇನ್ನೊಂದು ಸಲ ಹಾರ್ನ್ ಹೊಡೆದ.

– ನಿವೃತ್ತ ಶಿಕ್ಷಕ, ಬಳ್ಳಾರಿ